ಕೈಕೆಲಸದ ಆಭರಣ: ಕೆಟ್ಟ ಮಾದರಿಗಳ ಲೆಕ್ಕ ಎಲ್ಲಿದೆ?

ಬೆಳ್ಳಿಯ ಕೈಕೆಲಸದ ಆಭರಣ ತಯಾರಿಸುವ ಸಣ್ಣ ಉದ್ಯಮಿಗಳ ಲೆಕ್ಕಪುಸ್ತಕಗಳನ್ನು ಪರಿಶೀಲಿಸುವಾಗ ಒಂದು ಕೊರತೆ ಮತ್ತೆ ಮತ್ತೆ ಎದ್ದು ಕಾಣುತ್ತದೆ. ಬೆಳ್ಳಿಯ ಖರೀದಿ, ಹರಳಿನ ಖರೀದಿ, ಮಾರಾಟ, ಇವೆಲ್ಲಕ್ಕೂ ನಮೂದು ಇರುತ್ತದೆ. ಆದರೆ ಮಾರಾಟಕ್ಕೆ ಯೋಗ್ಯವಾದ ಮೊದಲ ಜುಮುಕಿ ಸಿದ್ಧವಾಗುವ ಮುನ್ನ ಕೆಟ್ಟುಹೋದ ನಾಲ್ಕೈದು ಜುಮುಕಿಗಳ ಸುಳಿವೇ ಇರುವುದಿಲ್ಲ. ವಿಚಾರಿಸಿದರೆ, “ಕರಗಿಸಿಬಿಟ್ಟೆವು ಸಾರ್, ಬೆಳ್ಳಿ ಎಲ್ಲಿ ಹೋಗುತ್ತದೆ?” ಎಂಬ ಉತ್ತರ ದೊರೆಯುತ್ತದೆ.

ಬೆಳ್ಳಿ ಎಲ್ಲಿಗೂ ಹೋಗುವುದಿಲ್ಲವೆಂಬುದು ಅರ್ಧಸತ್ಯ. ಬೆಸುಗೆಯ ಕೆಲಸವನ್ನೇ ನೋಡೋಣ. ಶುದ್ಧ ಬೆಳ್ಳಿ ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಶೇ. 7.5ರಷ್ಟು ತಾಮ್ರ ಬೆರೆತ 925 ಬೆಳ್ಳಿಯಾದರೋ ಅದಕ್ಕಿಂತ ಕಡಿಮೆ ಶಾಖದಲ್ಲಿಯೇ ಕರಗತೊಡಗುತ್ತದೆ. ಬೆಸುಗೆಯ ಲೋಹ ಕರಗಬೇಕು, ಒಡವೆ ಕರಗಬಾರದು. ಇವೆರಡರ ನಡುವಿನ ಅಂತರ ಕಿರಿದು. ಜ್ವಾಲೆ ಕ್ಷಣಕಾಲ ಹೆಚ್ಚು ನಿಂತರೆ ಸಣ್ಣ ತಂತಿಯ ಕುಸುರಿ ಮುದ್ದೆಯಾಗುತ್ತದೆ. ಮೊದಲು ತಾಮ್ರದಲ್ಲಿ ಮಾದರಿ ಮಾಡಿ ನೋಡುವುದು ಜಾಣತನವೇ ಸರಿ. ಆದರೆ ತಾಮ್ರ ಕರಗುವುದು 1085 ಡಿಗ್ರಿಯಲ್ಲಿ. ಅಳತೆಯನ್ನೂ ಆಕಾರವನ್ನೂ ತಾಮ್ರ ಕಲಿಸೀತು. ಬೆಂಕಿಯ ಹದವನ್ನು ಬೆಳ್ಳಿಯೇ ಕಲಿಸಬೇಕು.

ಇನ್ನು ಕೆಟ್ಟ ಒಡವೆಯನ್ನು ಹಾಗೆಯೇ ಕರಗಿಸಿದರೆ ಬೆಸುಗೆಯಲ್ಲಿದ್ದ ತಾಮ್ರ, ಸತುಗಳೂ ಅದರೊಳಗೆ ಸೇರುತ್ತವೆ. 925 ಎಂದು ಕೊಂಡ ಬೆಳ್ಳಿ 925 ಆಗಿ ಉಳಿಯುವುದಿಲ್ಲ. ಅದನ್ನು ಶುದ್ಧೀಕರಣಕ್ಕೆ ಕಳುಹಿಸಬೇಕು, ಇಲ್ಲವೇ ಕಡಿಮೆ ದರಕ್ಕೆ ಬದಲಾಯಿಸಿಕೊಳ್ಳಬೇಕು. ವ್ಯಯವಾದ ಅನಿಲ, ಒಡೆದ ಹರಳು, ಕಳೆದ ಗಂಟೆಗಳಂತೂ ಮರಳಿ ಬರುವುದೇ ಇಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಹೊಸ ವಿನ್ಯಾಸವೊಂದು ಕೈಗೂಡಲು ಐದು ಪ್ರಯತ್ನ, ಪ್ರತಿಯೊಂದಕ್ಕೆ ನಾಲ್ಕು ಗಂಟೆ. ಗಂಟೆಗೆ 150 ರೂಪಾಯಿಯಂತೆ ಕೂಲಿಯೇ 3,000 ರೂಪಾಯಿ. ಅನಿಲ, ಬೆಸುಗೆ, ಹರಳು ಹಾಗೂ ಶುದ್ಧೀಕರಣಕ್ಕೆ 600. ಈ 3,600 ರೂಪಾಯಿ 40 ಜೊತೆಗಳ ಮೇಲೆ ಹಂಚಿಹೋದರೆ ಜೊತೆಗೆ 90 ರೂಪಾಯಿ. ಹನ್ನೆರಡೇ ಜೊತೆ ಮಾರಾಟವಾದರೆ 300. ವಿನ್ಯಾಸವನ್ನು ಆರಿಸುವ ಮೊದಲೇ ಎಷ್ಟು ಜೊತೆ ಮಾರಬಲ್ಲೆವೆಂದು ಯೋಚಿಸದಿದ್ದವರು ಲಾಭವೆಂದು ತಿಳಿದುಕೊಂಡದ್ದು ಅನೇಕ ವೇಳೆ ತಮ್ಮದೇ ಕೂಲಿಯಾಗಿರುತ್ತದೆ.

ನಮ್ಮ ಸಾಂಪ್ರದಾಯಿಕ ಅಕ್ಕಸಾಲಿಗರು ಈ ವಿಷಯದಲ್ಲಿ ಚುರುಕಾಗಿದ್ದರು. ಮಜೂರಿಯ ಜೊತೆಗೆ ಸವಕಳಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು, ಅಂಗಡಿ ಗುಡಿಸಿದ ಧೂಳನ್ನೂ ಎಸೆಯುತ್ತಿರಲಿಲ್ಲ. ಸವಕಳಿಯ ಹೆಸರಿನಲ್ಲಿ ಗ್ರಾಹಕನಿಗೆ ಅನ್ಯಾಯವಾದದ್ದೂ ಉಂಟು, ಅದು ಬೇರೆ ಮಾತು.

ಬೆಲೆ ನಿಗದಿಗೆ ವೆಚ್ಚವನ್ನು ಹಂಚುವುದು ಬೇರೆ, ದಾಸ್ತಾನಿನ ಮೌಲ್ಯಕ್ಕೆ ಸೇರಿಸುವುದು ಬೇರೆ. ದಾಸ್ತಾನು ಕುರಿತ ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಅಸಹಜ ನಷ್ಟವು ದಾಸ್ತಾನಿನ ಬೆಲೆಯೊಳಗೆ ಸೇರದು. ಆ ವರ್ಷದ ಖರ್ಚಾಗಿಯೇ ಹೋಗಬೇಕು. ನಿರ್ದಿಷ್ಟ ಗ್ರಾಹಕನಿಗಾಗಿ ಮಾಡಿದ ವಿನ್ಯಾಸದ ವೆಚ್ಚವನ್ನು ಮಾತ್ರ ಸೇರಿಸಲು ಅವಕಾಶವಿದೆ. ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿಯಲ್ಲಿ ಕೆಟ್ಟ ಮಾದರಿಗಳನ್ನು ಸಿದ್ಧವಸ್ತುವೆಂದು ತೋರಿಸುವ ಅಭ್ಯಾಸವೂ ನಿಲ್ಲಬೇಕು.

ಸರಕು ಮತ್ತು ಸೇವಾ ತೆರಿಗೆಯ 56ನೆಯ ನಿಯಮವು ನಾಶವಾದ, ಲೆಕ್ಕದಿಂದ ತೆಗೆದುಹಾಕಿದ ಸರಕು ಹಾಗೂ ತ್ಯಾಜ್ಯದ ವಿವರವನ್ನು ಇಡಬೇಕೆನ್ನುತ್ತದೆ. ಕಲಂ 17(5)(ಎಚ್) ಅನ್ವಯ ಅಂತಹ ಸರಕಿನ ಮೇಲೆ ಹೂಡುವಳಿ ತೆರಿಗೆಯ ಜಮೆ ದೊರೆಯದು. ತಯಾರಿಕೆಯಲ್ಲಿ ಸಹಜವಾಗಿ ಉಂಟಾಗುವ ನಷ್ಟಕ್ಕೆ ಈ ನಿರ್ಬಂಧ ತಗಲುವುದಿಲ್ಲವೆಂದು 2021ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಉಕ್ಕು ಉದ್ದಿಮೆಯೊಂದರ ಪ್ರಕರಣದಲ್ಲಿ ತೀರ್ಪಿತ್ತಿದೆ. ಆದರೆ ನಷ್ಟ ಸಹಜವೆಂದು ವಾದಿಸಬೇಕಾದರೆ ಕೈಯಲ್ಲಿ ದಾಖಲೆ ಇರಬೇಕಷ್ಟೆ. ಅದಕ್ಕೆ ಗಣಕಯಂತ್ರವೇ ಬೇಕೆಂದಿಲ್ಲ. ದಿನಾಂಕ, ತೂಕ, ಕೆಟ್ಟ ಕಾರಣ, ಕಳೆದ ಗಂಟೆ ಬರೆಯುವ ಒಂದು ಪುಸ್ತಕ, ಕೆಟ್ಟ ಮಾದರಿಗಳಿಗೆ ಬೇರೆಯೇ ಒಂದು ಡಬ್ಬಿ ಸಾಕು.

“ಯಾರ ಬಳಿಯೂ ಇಲ್ಲದ ವಿನ್ಯಾಸ, ಒಂದೇ ಒಂದು ಜೊತೆ” ಎಂದು ಕೇಳುವ ಗ್ರಾಹಕರ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಅಲ್ಲಿ ವೆಚ್ಚ ಹಂಚಲು ಎರಡನೆಯ ಜೊತೆಯೇ ಇಲ್ಲ. ಅಂದಾಜು ಪಟ್ಟಿಯಲ್ಲಿ ಮಾದರಿ ವೆಚ್ಚವೆಂದು ಪ್ರತ್ಯೇಕ ಸಾಲು ಬರೆದು, ಕುಲುಮೆ ಹೊತ್ತಿಸುವ ಮೊದಲೇ ಆ ಮೊತ್ತವನ್ನು ಮುಂಗಡವಾಗಿ ಪಡೆಯಬೇಕು.