ಆಟಗಾರನ ಸೋಲಿಗೆ ಕಟ್ಟುವ ಬೆಲೆ

ಲಾಭನಷ್ಟಗಳ ಗಣನೆಯನ್ನು ಕೆಲಕಾಲ ಬದಿಗಿರಿಸಿ ಮನುಷ್ಯನು ತನ್ನ ಚೈತನ್ಯವನ್ನು ತಾನೇ ಸವಿಯುವ ವೇಳೆಯೇ ಆಟವೆಂದು ನಂಬಿ ಬೆಳೆದವರಿಗೆ, ಇಂದಿನ ವಿಡಿಯೋ ಗೇಮುಗಳಲ್ಲಿ ಆ ವೇಳೆಯೇ ವ್ಯಾಪಾರದ ಶುಭಮುಹೂರ್ತವಾಗಿ ಪರಿಣಮಿಸಿರುವುದನ್ನು ಕಂಡು ವಿಷಾದವುಂಟಾಗದೆ ಇರದು. ಜಾಹೀರಾತು ಆಟದೊಳಕ್ಕೆ ಬಂದುದು ನಿನ್ನೆ ಮೊನ್ನೆಯಲ್ಲ. 1983ರಷ್ಟು ಹಿಂದೆಯೇ ಅಮೆರಿಕದ ಕೋಕಾ-ಕೋಲಾ ಸಂಸ್ಥೆಯು ಪ್ರತಿಸ್ಪರ್ಧಿಯ ಹೆಸರಿನ ಅಕ್ಷರಗಳನ್ನೇ ಹೊಡೆದುರುಳಿಸುವ ಅಟಾರಿ ಆಟವೊಂದನ್ನು ತನ್ನ ನೌಕರರಿಗೆಂದು ಮಾಡಿಸಿತ್ತು. 2008ರಲ್ಲಿ ಬರಾಕ್ ಒಬಾಮಾ ಅವರ ಚುನಾವಣಾ ಪ್ರಚಾರದ ಫಲಕವು ಕಾರೋಟದ ಆಟವೊಂದರ ರಸ್ತೆಬದಿಯಲ್ಲಿ ನಿಂತಿತ್ತು. ಆದರೂ ಅದು ದಾರಿಬದಿಯ ಫಲಕವಾಗಿಯೇ ಇತ್ತು. ಕಣ್ಣೆತ್ತಿ ನೋಡುವುದೂ ನೋಡದೆ ಮುಂದೆ ಸಾಗುವುದೂ ಆಟಗಾರನ ಇಚ್ಛೆಗೆ ಸೇರಿದ್ದಾಗಿತ್ತು. ಇಂಥ ಜಾಹೀರಾತನ್ನು ನಾನು ದೂಷಿಸಲಾರೆ.

ನನ್ನ ಆಕ್ಷೇಪವಿರುವುದು ಆಟದ ನಿಯಮಗಳೊಳಕ್ಕೇ ಕೈಯಿಕ್ಕುವ ವಾಣಿಜ್ಯಬುದ್ಧಿಯ ಬಗ್ಗೆ. ಆಕ್ಟಿವಿಷನ್ ಎಂಬ ಪ್ರಸಿದ್ಧ ಸಂಸ್ಥೆಗೆ ಅಮೆರಿಕದಲ್ಲಿ 2017ರ ಅಕ್ಟೋಬರ್‌ನಲ್ಲಿ ದೊರೆತ ಪೇಟೆಂಟೊಂದು ಈ ಬುದ್ಧಿಯ ಸ್ವರೂಪವನ್ನು ತೆರೆದು ತೋರಿಸುತ್ತದೆ. ಹೊಸ ಆಟಗಾರನೊಬ್ಬನಿಗೆ ಯಾವ ಆಯುಧದಲ್ಲಿ ಆಸೆ ಹುಟ್ಟಬಹುದೆಂದು ಊಹಿಸುವುದು. ಅದೇ ಆಯುಧವನ್ನು ಹಿಡಿದಿರುವ ಪ್ರವೀಣನೊಬ್ಬನೊಡನೆ ಅವನನ್ನು ಆಡಲು ಬಿಡುವುದು. ಆಸೆ ಬಲಿತು ಅವನು ಅದನ್ನು ಕೊಂಡನೆಂದರೆ, ಮುಂದಿನ ಆಟದಲ್ಲಿ ಆ ಆಯುಧವು ಚೆನ್ನಾಗಿ ನಡೆಯುವಂಥ ಕಣಕ್ಕೆ ಅವನನ್ನು ಸೇರಿಸಿ, ಕೊಟ್ಟ ಹಣ ಸಾರ್ಥಕವಾಯಿತೆಂಬ ಭಾವವನ್ನು ಅವನಲ್ಲಿ ಹುಟ್ಟಿಸುವುದು. ಈ ವಿಧಾನವನ್ನು ತನ್ನ ಯಾವ ಆಟದಲ್ಲಿಯೂ ಅಳವಡಿಸಿಲ್ಲವೆಂದು ಸಂಸ್ಥೆಯು ಹೇಳಿತು. ಆ ಮಾತನ್ನು ಇಲ್ಲಿ ಮರೆಮಾಚತಕ್ಕದ್ದಲ್ಲ. ಆದರೆ ತನ್ನ ಗೆಲವು ತನ್ನ ಕೈಚಳಕದಿಂದ ಬಂದುದೆಂದು ನಂಬಿ ಹಿಗ್ಗುವ ಹುಡುಗನ ಆ ನಂಬಿಕೆಯನ್ನೇ ಸರಕಾಗಿ ಎಣಿಸಬಲ್ಲ ಮನಸ್ಸೊಂದು, ಅದನ್ನು ಬರೆದು, ಮುದ್ರೆಯೊತ್ತಿಸಿ, ತನ್ನ ಸ್ವತ್ತಾಗಿ ಮಾಡಿಕೊಂಡಿತಲ್ಲವೆ?

ನಮ್ಮ ಮನೆಗಳಲ್ಲಿ ಮಕ್ಕಳ ಕೈಯಲ್ಲಿರುವ ಮೊಬೈಲನ್ನು ತುಸು ಹತ್ತಿರದಿಂದ ನೋಡಿದರೆ ಇದರ ಸಣ್ಣ ರೂಪಗಳು ಕಣ್ಣಿಗೆ ಬೀಳುತ್ತವೆ. ಇನ್ನೊಂದೇ ನಡೆಯಿದ್ದಿದ್ದರೆ ಲೆವೆಲ್ ಮುಗಿಯುತ್ತಿತ್ತು ಎನ್ನುವಾಗ ಸೋಲು ಬರುತ್ತದೆ. ಆ ಕ್ಷಣವೇ, ಹಣ ಕೊಟ್ಟರೆ ಇನ್ನಷ್ಟು ನಡೆಗಳು, ಇಲ್ಲವೆ 30 ಸೆಕೆಂಡು ಜಾಹೀರಾತು ನೋಡಿದರೆ ಇನ್ನೊಂದು ಜೀವ ಎಂಬ ಕೊಡುಗೆ ಪರದೆಯ ಮೇಲೆ ಮೂಡುತ್ತದೆ. ಒಲ್ಲೆನೆನ್ನುವವನಿಗಾಗಿ ಮೂಲೆಯಲ್ಲಿ ಬೆರಳಿಗೆ ಸಿಕ್ಕದಷ್ಟು ಕಿರಿದಾದ ಗುಣಾಕಾರದ ಗುರುತು. ಬಿಜಿಎಂಐ ಆಟದಲ್ಲಿ ಬೆಲೆ ರೂಪಾಯಿಯಲ್ಲಿಲ್ಲ, ಯುಸಿ ಎಂಬ ಆಟದೊಳಗಿನ ನಾಣ್ಯದಲ್ಲಿದೆ. ಫ್ರೀ ಫೈರ್‌ನಲ್ಲಿ ಡೈಮಂಡಿನಲ್ಲಿತ್ತು. ರೂಪಾಯಿಯನ್ನು ಇನ್ನೊಂದು ನಾಣ್ಯವಾಗಿ ಮಾರ್ಪಡಿಸಿದೊಡನೆ ವೆಚ್ಚದ ಅರಿವು ಮಸುಕಾಗುವುದು ವಯಸ್ಕರಿಗೇ ಸಹಜವಾಗಿರುವಾಗ, ಹನ್ನೆರಡು ವರ್ಷದ ಬಾಲಕನಿಂದ ಯಾವ ಲೆಕ್ಕವನ್ನು ನಿರೀಕ್ಷಿಸೋಣ?

ಮಕ್ಕಳನ್ನು ತಂದೆತಾಯಿಗಳೇ ನೋಡಿಕೊಳ್ಳಬೇಕೆಂಬ ಮಾತು ಕೇಳಿಬರುತ್ತದೆ. ನೋಡಿಕೊಳ್ಳಲಿ. ಆದರೆ ಜಾತ್ರೆಯ ಪೀಪಿ ಮಾರುವವನು ಮಗುವಿನ ಹಠವನ್ನು ತಾಯಿಯ ಎದುರಿನಲ್ಲೇ ನೋಡುತ್ತಿದ್ದನು. ಇಲ್ಲಿನ ಮಾರಾಟಗಾರನಾದರೋ ಮಗು ಎಷ್ಟು ಹೊತ್ತು ಆಡಿತು, ಎಲ್ಲಿ ಸೋತಿತು, ಯಾವ ಗಳಿಗೆಯಲ್ಲಿ ಹಣ ತೆತ್ತಿತು ಎಂಬುದನ್ನು ತಾಯಿಗೆ ಕಾಣದೆ ಬರೆದಿಟ್ಟುಕೊಳ್ಳಬಲ್ಲನು. ಫೋರ್ಟ್‌ನೈಟ್ ಆಟದ ಒಡೆಯರಾದ ಎಪಿಕ್ ಗೇಮ್ಸ್ ಸಂಸ್ಥೆಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೊರಿಸಿದ ಆರೋಪಗಳಲ್ಲಿ, ಗುಂಡಿಗಳನ್ನು ಗೊಂದಲವಾಗುವಂತೆ ಜೋಡಿಸಿದ್ದರಿಂದ, ನಿದ್ರಾಸ್ಥಿತಿಯಲ್ಲಿದ್ದ ಆಟವನ್ನು ಎಬ್ಬಿಸಲು ಗುಂಡಿಯೊತ್ತಿದರೂ ಖರೀದಿ ನಡೆದುಹೋಗುತ್ತಿತ್ತೆಂಬುದೂ ಒಂದು. 2022ರ ಡಿಸೆಂಬರ್‌ನಲ್ಲಿ ಸಂಸ್ಥೆಯು ಒಟ್ಟು 52 ಕೋಟಿ ಡಾಲರ್ ತೆರಲು ಒಪ್ಪಿತು, ಅದರಲ್ಲಿ 24.5 ಕೋಟಿ ಗ್ರಾಹಕರಿಗೆ ಮರಳಿಸುವುದಕ್ಕೆ, ಉಳಿದುದು ಮಕ್ಕಳ ಖಾಸಗಿತನದ ಕಾನೂನನ್ನು ಮುರಿದುದಕ್ಕೆ ದಂಡ.

ನಮ್ಮಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯಿದೆಯು ಹಣವನ್ನು ಪಣಕ್ಕಿಟ್ಟು ಆಡುವ ಆಟಗಳನ್ನು ನಿಷೇಧಿಸಿತು. ಪಣವಿಲ್ಲದ ಆಟಗಳೊಳಗಿನ ಮಾರಾಟತಂತ್ರವು ಆ ನಿಷೇಧದ ಗುರಿಯಾಗಿರಲಿಲ್ಲ. ನಮಗೆ ನಿಜವಾಗಿ ಒದಗಬಲ್ಲ ಆಸರೆಯಿರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ 9ನೆಯ ಪ್ರಕರಣದಲ್ಲಿ. ಹದಿನೆಂಟು ತುಂಬದವರ ನಡತೆಯನ್ನು ಹಿಂಬಾಲಿಸಿ ಗಮನಿಸುವುದನ್ನೂ, ಅವರನ್ನು ಗುರಿಯಾಗಿಸಿ ಜಾಹೀರಾತು ತೋರುವುದನ್ನೂ ಅದು ನಿಷೇಧಿಸುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದರೂ, ಮುಖ್ಯ ವಿಧಿಗಳ ಜಾರಿಗೆ 18 ತಿಂಗಳ ಅವಕಾಶ ಕೊಡಲಾಯಿತು. ಈ ವಿಧಿಗಳು ಜಾರಿಗೆ ಬರುವಾಗ ಆಟದ ಕಂಪನಿಗಳನ್ನು ಮೊದಲ ಸಾಲಿನಲ್ಲಿಯೇ ಪರೀಕ್ಷೆಗೆ ಒಳಪಡಿಸಬೇಕೆಂದೂ, ಸೋತೊಡನೆ ಎದುರಾಗುವ ಮಾರಾಟದ ಕೊಡುಗೆಯು ಮಗುವಿನ ಆಟದ ದಾಖಲೆಯನ್ನು ಆಧರಿಸಿದ್ದರೆ ಅದನ್ನೂ ಗುರಿಯಿಟ್ಟ ಜಾಹೀರಾತೆಂದೇ ಪರಿಗಣಿಸಬೇಕೆಂದೂ ನಾನು ಆಗ್ರಹಪೂರ್ವಕವಾಗಿ ಕೇಳುತ್ತೇನೆ. ಅದೇ ಕಾಯಿದೆಯು ಸಮ್ಮತಿಯ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆಯನ್ನು ಜನರಿಗೆ ನೀಡಿದೆ. ಮಗನ ಆಟಕ್ಕೆ ಒಪ್ಪಿಗೆ ಕೊಡಬೇಕಾದ ಹಾವೇರಿಯ ತಾಯಿಯು, ಕಂಪನಿ ಏನನ್ನು ಬರೆದಿಟ್ಟುಕೊಳ್ಳುತ್ತದೆ, ಯಾತಕ್ಕಾಗಿ ಬರೆದಿಟ್ಟುಕೊಳ್ಳುತ್ತದೆ ಎಂಬುದನ್ನು ಕನ್ನಡದಲ್ಲಿ ಓದಿದ ಮೇಲೆಯೇ ಹೆಬ್ಬೆರಳನ್ನು ಒತ್ತುವಂತಾಗಲಿ.