ಚುರುಕು ಮದ್ದು, ಮೆಲ್ಲನೆಯ ಗುಂಡು

ನರಗುಂದದ ಗುಡ್ಡದ ಕೋಟೆಯನ್ನು ನೋಡಿ ಬಂದ ನಮ್ಮ ತಮ್ಮನ ಮಗ ಕೇಳಿದ: “ದೊಡ್ಡಪ್ಪ, ಗುಂಡು ಮೆಲ್ಲಗೆ ಹೋಗಬೇಕಾದರೆ ಮೆಲ್ಲಗೆ ಉರಿಯುವ ಮದ್ದನ್ನೇ ತುಸು ಹಾಕಿದರಾಯಿತಲ್ಲವೆ?”

ತರ್ಕವೇನೋ ಸರಿ; ಬಂದೂಕು ಅದಕ್ಕೆ ಬಾಗದು. ರೋಣ, ಗಜೇಂದ್ರಗಡಗಳ ಕಟ್ಟಿಗೆಯ ಒಲೆಯನ್ನು ಬಲ್ಲ ತಾಯಂದಿರಿಗೆ ಇದರ ಮರ್ಮ ಗೊತ್ತು. ಒಂದು ಬಟ್ಟಲು ಚಹಕ್ಕೆ ನಾಲ್ಕು ಹತ್ತಿಕಟ್ಟಿಗೆ ಸಾಕು, ಭಗ್ಗನೆ ಉರಿದು ಕೆಲಸ ಮುಗಿಸುತ್ತವೆ. ಜಾಲಿಯ ಒಂಟಿ ಕೊರಡನ್ನಿಟ್ಟರೆ ಬರೀ ಹೊಗೆ. ನಿಧಾನದ ಮದ್ದು ಒತ್ತಡವೇರಿದಾಗಲೇ ಚೆನ್ನಾಗಿ ಉರಿಯುವಂಥದು. ಅರೆಬರೆ ತುಂಬಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡೀತು. ಅದನ್ನರಿಯದೆ ಮತ್ತೊಂದು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಆದುದರಿಂದ ಗುರಿಯ ಅಭ್ಯಾಸಕ್ಕೆ ಮೃದುವಾದ ಹೊಡೆತ ಬೇಕೆನ್ನುವ ಬಲ್ಲವರು ಚುರುಕು ಮದ್ದನ್ನೇ ಅಲ್ಪವಾಗಿ ಬಳಸುತ್ತಾರೆ.

ಹಿಂದಿನವರಿಗೂ ಇದು ಹೊಸತಲ್ಲ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಅದೇ ಕರಿಮದ್ದು ಸಣ್ಣ ಹರಳಾದರೆ ಬೇಗ ಉರಿದು ಬಂದೂಕಿಗೆ, ದಪ್ಪ ಹರಳಾದರೆ ನಿಧಾನವಾಗಿ ಉರಿದು ತೋಪಿಗೆ. 1858ರಲ್ಲಿ ಬಾಬಾಸಾಹೇಬರು ಆಂಗ್ಲರ ಮೇಲೆ ತಿರುಗಿಬಿದ್ದ ಕಾಲದ ಮದ್ದು ಈ ಕರಿಮದ್ದೇ. ಹೊಗೆಯಿಲ್ಲದ ಮದ್ದು ಫ್ರಾನ್ಸಿನಲ್ಲಿ ಹುಟ್ಟಿದ್ದು 1884ರಲ್ಲಿ.

ಚುರುಕು ಮದ್ದಿನಲ್ಲೂ ಒಂದು ಮೋಸವುಂಟು. ದೊಡ್ಡ ಕಾಡತೂಸಿನ ತಳದಲ್ಲಿ ಅದು ಚಿಟಿಕೆಯಷ್ಟೇ ಕಾಣುತ್ತದೆ. ಮರೆತು ಎರಡನೆಯ ಬಾರಿ ಸುರಿದರೂ ತುಂಬಿ ಚೆಲ್ಲುವುದಿಲ್ಲ, ಕಣ್ಣಿಗೂ ತಿಳಿಯುವುದಿಲ್ಲ. ಹಾರಿಸುವವನ ಕೆನ್ನೆಯ ಪಕ್ಕದಲ್ಲೇ ಬಂದೂಕು ಒಡೆಯುತ್ತದೆ.

“ಹಾಗಾದರೆ ನಾನೂ ಒಮ್ಮೆ...” ಎಂದ ಹುಡುಗ. 1959ರ ಶಸ್ತ್ರಾಸ್ತ್ರ ಕಾಯಿದೆಯ ಹೆಸರು ಹೇಳಿ ಅವನನ್ನು ಚಹಕ್ಕೆ ಕರೆದೆ.