ಗೋಡೆಗೆ ಕೋವಿ ಬೇಕಾ? ಊರಿನ ಆಚಾರ್ರ ಹತ್ರ ಮಾಡಿಸಿ. ಆದ್ರೆ ನಳಿಗೆ ಕೊರೆಸಬೇಡಿ

ಈ ಬರಹ ಸ್ವಲ್ಪ ಉದ್ದ ಇದೆ. ಎರಡನೇ ಸಲದ ಔಷಧಿ ಹೊಡೆದು ಮುಗಿಸಿದವರು ಕೂತು ಓದಿ, ಮುಗಿಯದವರು ರಾತ್ರಿ ಓದಿ.

ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ಹೊಸ ಮನೆ ಕಟ್ಟಿದವರು, ಹೋಂಸ್ಟೇ ತೆಗೆದವರು ಈಗ ಜಗಲಿ ಗೋಡೆಗೆ ಹಳೇ ಕಾಲದ ಚಕಮಕಿ ಕೋವಿ ತೂಗುಹಾಕ್ತಿದ್ದಾರೆ. ಹಾಕಲಿ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಹತ್ತಿರ ಹೋಗಿ ಬೆರಳಲ್ಲಿ ತಟ್ಟಿ ನೋಡಿ. ಟೊಳ್ಳು ಶಬ್ದ ಬರುತ್ತೆ. ಫೈಬರ್! ಮರದ ಬಣ್ಣ ಬಳಿದ ಫೈಬರ್, ಹಿತ್ತಾಳೆ ಬಣ್ಣ ಬಳಿದ ತಗಡು. ಕಲ್ಲು ಕಚ್ಚಿಕೊಳ್ಳಬೇಕಾದ ಕೊಕ್ಕಿನಲ್ಲಿ ಕಲ್ಲೇ ಇಲ್ಲ. ಒಂದು ಕಡೆಯಂತೂ ಚಕಮಕಿ ಕೊಕ್ಕಿನ ಕೆಳಗೆ ಕೇಪು ಕೂರಿಸೋ ಮೊಳೆ ಮಾಡಿಟ್ಟಿದ್ದಾರೆ. ಎರಡು ಬೇರೆ ಬೇರೆ ಕಾಲದ ಕೋವಿಯನ್ನ ಕಲಸಿ ಒಂದು ಮಾಡಿದ ಹಾಗೆ. ಎತ್ತಿಗೆ ಕುದುರೆ ಬಾಲ ಕಟ್ಟಿ ನಿಲ್ಲಿಸಿದ್ರೆ ನಾವು ನಗೋದಿಲ್ವಾ? ಇದಕ್ಕೆ ಯಾಕೆ ನಗೋದಿಲ್ಲ?

ನಾನು ಹೇಳೋದು ಇಷ್ಟೇ. ಗೋಡೆಗೆ ಕೋವಿ ಬೇಕು ಅನ್ನಿಸಿದ್ರೆ ಊರಿನ ಬಡಗಿ, ಊರಿನ ಕಮ್ಮಾರರಿಂದ ಮಾಡಿಸಿ. ಮತ್ತು ಅದು ಯಾವತ್ತೂ ಸಿಡಿಯದ ಹಾಗೆ ಮಾಡಿಸಿ. ಈ ಎರಡೂ ಮಾತು ಒಟ್ಟಿಗೆ ಇರಬೇಕು, ಒಂದನ್ನ ಹಿಡಿದು ಇನ್ನೊಂದನ್ನ ಬಿಟ್ರೆ ಆಗೋದಿಲ್ಲ.

ಮೊದಲು ಚಕಮಕಿ ಕೋವಿ ಅಂದ್ರೇನು ಅಂತ ತಿಳ್ಕೊಳ್ಳೋಣ. ನಮ್ಮ ಅಜ್ಜಂದಿರ ಮನೆಯಲ್ಲಿದ್ದ ಬಾಯಿಂದ ಮದ್ದು ತುಂಬೋ ಕೋವಿಗಳು ಹೆಚ್ಚಿನವು ಕೇಪಿನವು. ಚಕಮಕಿಯದ್ದು ಅದಕ್ಕಿಂತ ಹಿಂದಿನದು. 1600ರ ನಂತರ ಯುರೋಪಿನಲ್ಲಿ ಬಂದು, 1840ರ ಸುಮಾರಿಗೆ ಕೇಪು ಬರೋ ತನಕ ಸುಮಾರು ಇನ್ನೂರು ವರ್ಷ ನಡೀತು. ಕೊಕ್ಕಿನ ಬಾಯಲ್ಲಿ ಚಕಮಕಿ ಕಲ್ಲು. ಅದರ ಎದುರಿಗೆ ಒಂದು ಉಕ್ಕಿನ ಮುಚ್ಚಳ, ಮುಚ್ಚಳದ ಕೆಳಗೆ ಮದ್ದಿನ ಚಿಕ್ಕ ಬಟ್ಟಲು. ಕಲ್ಲು ಬಂದು ಉಕ್ಕನ್ನ ಕೆರೆದಾಗ ಕಿಡಿ ಏಳುತ್ತೆ, ಅದೇ ಹೊಡೆತಕ್ಕೆ ಮುಚ್ಚಳವೂ ತೆರೆದುಕೊಳ್ಳುತ್ತೆ. ಕಿಡಿ ಅಂದ್ರೆ ಕಲ್ಲು ಉರಿಯೋದಲ್ಲ ಮಾರಾಯ್ರೆ. ಕಲ್ಲು ಕೆರೆದ ಉಕ್ಕಿನ ಚೂರು ಗಾಳಿಯಲ್ಲಿ ಉರಿಯೋದು. ಒಂದೇ ಏಟಿಗೆ ಎರಡು ಕೆಲಸ. ಇದನ್ನ ಯೋಚಿಸಿ ಮಾಡಿದವನೂ ಒಬ್ಬ ಕೈಕೆಲಸದವನೇ.

ನಮ್ಮ ನಾಡಲ್ಲೂ ಈ ಕೆಲಸ ಇತ್ತು. ಟಿಪ್ಪು ಹೆಸರು ಎತ್ತಿದ್ರೆ ಇಲ್ಲಿ ಕಾಮೆಂಟಲ್ಲಿ ಜಗಳ ಶುರುವಾಗುತ್ತೆ ಅಂತ ಗೊತ್ತು. ನಾನು ಮಾತಾಡ್ತಿರೋದು ರಾಜರ ಬಗ್ಗೆ ಅಲ್ಲ, ಕಮ್ಮಾರರ ಬಗ್ಗೆ. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ಮಾಡಿದ ಚಕಮಕಿ ಕೋವಿಗಳಲ್ಲಿ ಹುಲಿಯ ಮುಖ, ಹುಲಿಯ ಪಟ್ಟೆ ಕೆತ್ತಿ, ಮರದೊಳಗೆ ಬೆಳ್ಳಿ ಕೂರಿಸಿದವು ಇವೆ. ಮಾಡಿದವನ ಹೆಸರು ಕೆತ್ತಿದ ಕೋವಿಗಳೂ ಇವೆ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಅವು ಹಡಗು ಹತ್ತಿ ಹೋದವು. 2019ರಲ್ಲಿ ಇಂಗ್ಲೆಂಡಿನ ಒಂದು ಮನೆಯಿಂದ ಹೊರಬಂದ ಅಂಥ ಒಂದು ಬೆಳ್ಳಿ ಕೆಲಸದ ಕೋವಿ ಹರಾಜಿನಲ್ಲಿ 60,000 ಪೌಂಡಿಗೆ ಹೋಯ್ತು.

ಪಟ್ಟಣ ದೂರ ಆಯ್ತು ಅಂತೀರಾ? ನಮ್ಮದೇ ಹೊಸನಗರ ತಾಲ್ಲೂಕಿನ ನಗರದ ಹತ್ರ 2018ರಲ್ಲಿ ಹಾಳುಬಾವಿ ತೆಗೆಸುವಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆ ಸಿಕ್ಕಿದ್ದು ಮರೆತುಹೋಯ್ತಾ? ಶಿವಮೊಗ್ಗದ ಮ್ಯೂಸಿಯಮ್ಮಿಗೆ ಹೋಗಿ ನೋಡಿದವರಿಗೆ ಗೊತ್ತು. ಕಬ್ಬಿಣದ ಕೈಕೆಲಸದ ನೆನಪಿಗೆ ನಾವು ಬಹಳ ದೂರ ಹೋಗಬೇಕಾಗಿಲ್ಲ.

ಈಗ ಆ ಕೈಗಳ ಪರಿಸ್ಥಿತಿ ಏನು? ಅಡಿಕೆ ಸುಲಿಯೋ ಮಷೀನು ಬಂದ ಮೇಲೆ ಮೆಟ್ಟುಗತ್ತಿ ಕೇಳೋರಿಲ್ಲ. ಕತ್ತಿ, ಗುದ್ದಲಿ ಎಲ್ಲ ಅಂಗಡಿಯಲ್ಲಿ ರೆಡಿ ಸಿಗುತ್ತೆ. ನಮ್ಮೂರ ಕುಲುಮೆ ವರ್ಷದಲ್ಲಿ ಅರ್ಧ ದಿನ ತಣ್ಣಗಿರುತ್ತೆ. ಬಡಗಿಯ ಮಗ ಬೆಂಗಳೂರಲ್ಲಿ ಪ್ಲೈವುಡ್ ಕತ್ತರಿಸ್ತಿದ್ದಾನೆ. ಅಪ್ಪನ ಉಳಿ ಪೆಟ್ಟಿಗೆ ಅಟ್ಟದ ಮೇಲಿದೆ. ನಾವು ಆಯುಧಪೂಜೆ ದಿನ ಹಾರೆ, ಕತ್ತಿಗೆ ಕುಂಕುಮ ಹಚ್ಚಿ ಕೈ ಮುಗೀತೀವಿ. ಅದನ್ನ ಮಾಡಿದವರಿಗೆ ಮಾತ್ರ ವರ್ಷಕ್ಕೆ ನಾಲ್ಕು ಕೆಲಸ ಕೊಡೋದಿಲ್ಲ.

ಈ ಮಳೆಗಾಲ ನಾನು ಒಂದು ಕೋವಿ ಮಾಡಿಸ್ತಿದ್ದೀನಿ. ಬಾಯಲ್ಲಿ ಹೇಳೋದಕ್ಕಿಂತ ಕೆಲಸ ಹೇಗೆ ಸಾಗ್ತಿದೆ ಅಂತ ಬರೀತೀನಿ, ಫೈಬರಿಗೂ ಇದಕ್ಕೂ ಏನು ವ್ಯತ್ಯಾಸ ಅಂತ ನಿಮಗೇ ಗೊತ್ತಾಗುತ್ತೆ.

ಮರ: ಬೀಟೆ ಬೇಡ. ಚೆನ್ನಾಗಿರುತ್ತೆ, ಆದ್ರೆ ಅದರ ಅನುಮತಿ, ಕಾಗದ ಪತ್ರದ ಗೋಳು ನಿಮಗೆಲ್ಲ ಗೊತ್ತು. ನಾನು ತಗೊಂಡಿದ್ದು ಹಲಸು. ಮೂರು ವರ್ಷದ ಹಿಂದೆ ಗಾಳಿಗೆ ಬಿದ್ದ ನಮ್ಮ ತೋಟದ ಮರ, ಕೊಟ್ಟಿಗೆ ಅಟ್ಟದಲ್ಲಿ ನೆರಳಲ್ಲಿ ಒಣಗಿತ್ತು. ವೀಣೆಗೆ, ಮೃದಂಗಕ್ಕೆ ಆಗೋ ಮರ ಕೋವಿಗೆ ಆಗೋದಿಲ್ವಾ? ಆಚಾರ್ರು ಹಲಗೆಯನ್ನ ತಿರುಗಿಸಿ ತಿರುಗಿಸಿ ಅರ್ಧ ಗಂಟೆ ನೋಡಿದ್ರು. ಯಾಕಂದ್ರೆ ಕೈ ಹಿಡಿಯೋ ಜಾಗ ಸಣ್ಣಗೆ ಬಾಗಿರುತ್ತೆ. ಅಲ್ಲಿ ಮರದ ನಾರು ಬಾಗಿನ ಜೊತೆಗೇ ಹೋಗಬೇಕು, ಅಡ್ಡ ಹೋದ್ರೆ ಅಲ್ಲೇ ಮುರಿಯುತ್ತೆ. ಈ ಅರ್ಧ ಗಂಟೆಯ ನೋಟವನ್ನ ಯಾವ ಅಚ್ಚು ಹಾಕೋ ಮಷೀನು ನೋಡುತ್ತೆ ಹೇಳಿ.

ನಳಿಗೆ: ಟೊಳ್ಳಲ್ಲ, ಗಟ್ಟಿ ಸರಳು. ಮೂರು ಅಡಿ ಉದ್ದ, ಒಂದು ಇಂಚು ದಪ್ಪ, ಎಂಟು ಮೂಲೆ ಬರೋ ಹಾಗೆ ಅರ ಹಾಕಿದ್ದು. ಅದೊಂದೇ ನಾಲ್ಕು ಕೆಜಿ ಹತ್ರ ಬರುತ್ತೆ. ಬಾಯಿಯಲ್ಲಿ ನೋಟಕ್ಕೆ ಒಂದು ಸಣ್ಣ ಗುಳಿ ಅಷ್ಟೇ. ಬಟ್ಟಲಿನಿಂದ ನಳಿಗೆಗೆ ಕಿಂಡಿಯೂ ಇಲ್ಲ. ಕೊಕ್ಕು, ಮುಚ್ಚಳ ಕೈಯಲ್ಲಿ ಅಲ್ಲಾಡುತ್ತೆ, ಆದ್ರೆ ಒಳಗೆ ಬಲದ ಸ್ಪ್ರಿಂಗ್ ಇಲ್ಲ.

ಕೂರಿಸೋದು: ನಿಜವಾದ ಪರೀಕ್ಷೆ ಇಲ್ಲಿದೆ. ಕೊಕ್ಕು ಕೂತಿರೋ ಕಬ್ಬಿಣದ ತಟ್ಟೆ ಮರದೊಳಗೆ ಕೂದಲೆಳೆ ಸಂದಿಲ್ಲದ ಹಾಗೆ ಕೂರಬೇಕು. ಆಚಾರ್ರು ತಟ್ಟೆಗೆ ದೀಪದ ಮಸಿ ಸವರ್ತಾರೆ, ಮರಕ್ಕೆ ಒತ್ತಿ ತೆಗೀತಾರೆ, ಮಸಿ ಅಂಟಿದ ಕಡೆ ಮಾತ್ರ ಉಳಿಯಲ್ಲಿ ಒಂದು ಸಿಪ್ಪೆ ತೆಗೀತಾರೆ. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಸಿಪ್ಪೆ. ಒಂದು ತಟ್ಟೆಗೆ ಎರಡು ದಿನ ಹೋಯ್ತು. ಕೊನೆಗೆ ಅವರು ಬೆರಳು ಸವರಿ ‘ಈಗ ನೀರೂ ಇಳಿಯೋದಿಲ್ಲ’ ಅಂದ್ರು. ಮೇಲೆ ಅಗಸೆ ಎಣ್ಣೆ ಮಾತ್ರ. ಒಂದು ಸಲ ಉಜ್ಜಿ, ಪೂರ್ತಿ ಒಣಗಲು ಬಿಟ್ಟು, ಮತ್ತೆ ಉಜ್ಜೋದು. ಮಳೆಗಾಲದಲ್ಲಿ ಒಣಗೋದು ನಿಧಾನ, ಅವಸರ ಬೇಡ.

ಅಲಂಕಾರ: ದಯವಿಟ್ಟು ಇಂಗ್ಲಿಷರ ಕಿರೀಟ, ಸಿಂಹ ಕೆತ್ತಿಸಬೇಡಿ. ಪಟ್ಟಣದವರು ಹುಲಿ ಕೆತ್ತಿದ್ದು ಅದು ಅವರ ಒಡೆಯನ ಗುರುತು ಅಂತ. ನಾವು ಅಡಿಕೆ ಬೆಳೆಯೋರು. ನನ್ನದಕ್ಕೆ ಹಿಂಗಾರ ಕೆತ್ತಿಸಿದ್ದೀನಿ. ಅಜ್ಜಿಯ ತೂತಾದ ಹಿತ್ತಾಳೆ ತಟ್ಟೆ ಕತ್ತರಿಸಿ ಎರಡು ಎಲೆ ಮಾಡಿ ಮರದೊಳಗೆ ಕೂರಿಸಿದ್ದಾರೆ.

ಲೆಕ್ಕ: ಮರಗೆಲಸ 12 ದಿನ, ಕುಲುಮೆ 5 ದಿನ. ದಿನದ ಸಂಬಳ ಚೌಕಾಸಿ ಇಲ್ಲದೆ ಕೊಟ್ಟೆ. ಅರ್ಧ ಕ್ವಿಂಟಾಲ್ ರಾಶಿ ಅಡಿಕೆಯ ದುಡ್ಡೂ ಆಗಲಿಲ್ಲ.

‘ಆನ್‌ಲೈನಲ್ಲಿ ಅದರ ಹತ್ತರಲ್ಲೊಂದು ಪಾಲಿಗೆ ಸಿಗುತ್ತಲ್ಲ’ ಅಂತೀರಿ. ಸಿಗುತ್ತೆ. ಗೇಟಿಗೆ, ಟೈಲ್ಸಿಗೆ, ಗ್ರಾನೈಟ್ ಕಟ್ಟೆಗೆ ಸುರಿಯುವಾಗ ಈ ಲೆಕ್ಕ ಎಲ್ಲಿ ಹೋಗಿತ್ತು? ನಮ್ಮ ಅಡಿಕೆಗೆ ಹೊರದೇಶದ ಮಾಲು ಬಂದು ಬೆಲೆ ಬಿದ್ರೆ ‘ನಮ್ಮದನ್ನ ತಗೊಳ್ಳಿ’ ಅಂತ ರಸ್ತೆಗೆ ಇಳೀತೀವಿ. ನಮ್ಮೂರ ಆಚಾರ್ರು ಅದೇ ಮಾತು ನಮಗೆ ಹೇಳಿದ್ರೆ ಏನು ಉತ್ತರ ಕೊಡ್ತೀವಿ?

ಅಮೆರಿಕದ ವರ್ಜೀನಿಯಾದಲ್ಲಿ ವಿಲಿಯಮ್ಸ್‌ಬರ್ಗ್ ಅಂತ ಹಳೇ ಊರಿದೆ. ಅಲ್ಲಿ ವ್ಯಾಲೇಸ್ ಗಸ್ಲರ್ ಅನ್ನೋ ಕುಶಲಕರ್ಮಿ ಹಳೇ ಕಾಲದ ಉಪಕರಣದಲ್ಲೇ, ಕಬ್ಬಿಣ ಬಡಿಯೋದರಿಂದ ಹಿಡಿದು ಮೇಪಲ್ ಮರ ಕೆತ್ತೋ ತನಕ, ಒಂದು ಪೂರ್ತಿ ಚಕಮಕಿ ರೈಫಲ್ ಮಾಡಿದ್ದನ್ನ 1969ರಲ್ಲಿ ಸಿನಿಮಾ ಮಾಡಿಟ್ಟಿದ್ದಾರೆ. ಅಂಥ ಉದ್ದ ರೈಫಲ್ಲುಗಳನ್ನ ಅಲ್ಲಿ ಬೆಳೆಸಿದ್ದು ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಜರ್ಮನ್ ಕಮ್ಮಾರರು. ಆ ವಿದ್ಯೆ ಇವತ್ತೂ ಉಳಿದಿದೆ ಅಂದ್ರೆ ಅದನ್ನ ಕಲಿತವನಿಗೆ ಸಂಬಳ ಕೊಟ್ಟು ಉಳಿಸಿಕೊಂಡಿದ್ದಕ್ಕೆ. ಶಾಲು ಹೊದಿಸಿ ಫೋಟೋ ತೆಗೆಸಿದ್ದಕ್ಕಲ್ಲ.

ಇನ್ನು ನಮ್ಮ ಹುಡುಗ್ರಿಗೆ. ನಾನು ಕೋವಿ ಮಾಡಿಸ್ತಿದ್ದೀನಿ ಅಂತ ಗೊತ್ತಾದ ಕೂಡಲೇ ಮೂರು ಜನ ಬಂದು ಗುಟ್ಟಾಗಿ ಕೇಳಿದ್ರು: ‘ಅಣ್ಣ, ಹೇಗೂ ಮಾಡಿಸ್ತೀರಿ, ನಳಿಗೆ ಒಂದು ಕೊರೆಸಿಬಿಡಿ, ಹಂದಿಗೆ ಆಗುತ್ತೆ.’ ಹಂದಿ ಕಾಟ ನನಗೂ ಇದೆ. ಬಾಳೆ ಬುಡ ಬಗೆದು ಹಾಕಿದ್ದನ್ನ ನಾನೂ ನೋಡಿದೀನಿ. ಆದ್ರೂ ಕೊರೆಸೋದಿಲ್ಲ. 1959ರ ಆಯುಧ ಕಾಯ್ದೆಯಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ತಯಾರು ಮಾಡೋ ಹಾಗಿಲ್ಲ, ಅದು 5ನೇ ಕಲಂ. ನಕಲಿ ಕೋವಿಯನ್ನ ಅಸಲಿ ಮಾಡೋ ಹಾಗೂ ಇಲ್ಲ, ಅದು 6ನೇ ಕಲಂ. ಪೊಲೀಸರು ಬಂದ್ರೆ ಮೊದಲು ಎತ್ತಿಕೊಂಡು ಹೋಗೋದು ಹೇಳಿದ ನಿಮ್ಮನ್ನಲ್ಲ, ಕುಲುಮೆಯಲ್ಲಿ ಕೂತವನನ್ನ. ಹಂದಿ ಹೊಡೆದ್ರೆ ಅರಣ್ಯದವರ ಕೇಸು ಬೇರೆ. ಅದಕ್ಕಿಂತ ದೊಡ್ಡ ಮಾತು: ಗೋಡೆಗೆ ಅಂತ ಮಾಡಿದ ಕಬ್ಬಿಣ ಮದ್ದಿನ ಒತ್ತಡ ತಡೆಯೋದಿಲ್ಲ, ಒಡೆದ್ರೆ ಹೋಗೋದು ಹಿಡಿದವನ ಕಣ್ಣು, ಕೈ. ಬೆಳೆ ರಕ್ಷಣೆಗೆ ಕೋವಿ ಬೇಕಾದವರು ಲೈಸೆನ್ಸಿಗೆ ಅರ್ಜಿ ಹಾಕಿ, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸೋ ಕಿರಿಕಿರಿಯನ್ನೂ ಅನುಭವಿಸಿ. ಕೊಡಗಿನವರಿಗೆ ವಿನಾಯಿತಿ ಇದ್ಯಲ್ಲ ಅಂತ ವಾದ ಬೇಡ. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರೋದು, ನಮಗಲ್ಲ.

ಕೊನೆಗೆ ಇನ್ನೊಂದು ಆಕ್ಷೇಪ, ಇದನ್ನ ಹೇಳಿದವರು ಓದಿಕೊಂಡವರು: ‘ಜಗಲಿಯಲ್ಲಿ ಕೋವಿ ಅಂದ್ರೆ ಹಳೇ ಜಮೀನ್ದಾರಿ ದರ್ಪ, ಅದನ್ನ ಯಾಕೆ ಮತ್ತೆ ತರ್ತೀರಿ?’ ಈ ಮಾತಲ್ಲಿ ಸತ್ಯ ಇದೆ, ತಳ್ಳಿಹಾಕೋದಿಲ್ಲ. ಕೋವಿ ಇದ್ದದ್ದು ದೊಡ್ಡ ಮನೆಯಲ್ಲಿ. ಅದನ್ನ ಮಾಡಿದವನ ಮನೆಯಲ್ಲಿ ಇರಲಿಲ್ಲ, ಅವನ ಹೆಸರೂ ಯಾರಿಗೂ ನೆನಪಿಲ್ಲ. ಅದಕ್ಕೇ ನಾನು ಕಬ್ಬಿಣದ ತಟ್ಟೆಯ ಮೇಲೆ ನನ್ನ ಮನೆ ಹೆಸರು ಹಾಕಿಸಲಿಲ್ಲ. ಬಡಗಿ ಮತ್ತು ಕಮ್ಮಾರ, ಇಬ್ಬರ ಹೆಸರು, ಊರು, ಇಸವಿ ಕೆತ್ತಿಸಿದ್ದೀನಿ. ಮೊದಲು ಇಬ್ಬರೂ ನಾಚಿಕೊಂಡ್ರು. ಆಮೇಲೆ ಕಮ್ಮಾರರು ಅಕ್ಷರ ಸರಿ ಬರಲಿಲ್ಲ ಅಂತ ಒಂದು ತಟ್ಟೆ ಬಿಸಾಕಿ ಹೊಸ ತಟ್ಟೆ ಬಡಿದ್ರು, ಅದಕ್ಕೆ ಕೂಲಿಯನ್ನೂ ತಗೊಳ್ಳಲಿಲ್ಲ.

ಮಾಡಿಸೋ ಮನಸ್ಸಿದ್ದವರು ಕೊನೆ ಕೊಯ್ಲು ಶುರುವಾಗೋ ಮೊದಲು ಹೇಳಿ, ಆಮೇಲೆ ಯಾರಿಗೂ ಪುರುಸೊತ್ತಿರೋದಿಲ್ಲ. ಒಣಗಿದ ಹಲಸಿನ ಹಲಗೆ ನಿಮ್ಮದೇ ತನ್ನಿ, ನಾಲ್ಕೂವರೆ ಅಡಿ ಉದ್ದ, ಎರಡೂವರೆ ಇಂಚು ದಪ್ಪ ಇರಲಿ, ಗಂಟು ಇರಬಾರದು. ದುಡ್ಡು ಅವರ ಕೈಗೇ ಕೊಡಿ, ಅರ್ಧ ಮುಂಗಡ. ತೂಗುಹಾಕುವಾಗ ಮೊಳೆಗೆ ನೇತುಹಾಕಬೇಡಿ, ಭಾರ ಇದೆ, ಗೋಡೆಗೆ ಎರಡು ಮರದ ಗೂಟ ಹೊಡೆಸಿ. ಗೂಟವನ್ನೂ ಅವರ ಹತ್ರಾನೇ ಮಾಡಿಸಿ.